ಓದುಗರ ಸ್ಪಂದನ: ‘ಎಂಎಸ್‌ಡಬ್ಲ್ಯು ಅರ್ಜಿಯಲ್ಲಿ ನಾನು ಏನಂತ ಬರೀಲಿ?’

ಕಳೆದ ಸಂಚಿಕೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಓದುಗಿಯೊಬ್ಬರು ತಮ್ಮ ಗೊಂದಲ ಬರೆದುಕೊಂಡಿದ್ದರು. ಬಿ.ಎ. ಕೊನೆಯ ವರ್ಷ, ಕನ್ನಡ ಮಾಧ್ಯಮ, ಅಂಕ 55ರ ಆಸುಪಾಸು. ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ, ಅವರಿಗೆ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವ ಆಸೆ. ‘ಈ ಕೋರ್ಸ್ ಯಾಕೆ ಬೇಕು ಅಂತ ಒಂದು ಪುಟ ಬರೆಯಬೇಕಂತೆ. ಯಾವ ಸಂಸ್ಥೆಯಲ್ಲೂ ಕೆಲಸ ಮಾಡಿದವಳಲ್ಲ. ನನಗೆ ಏನೂ ಅನುಭವ ಇಲ್ಲ’ ಅನ್ನೋದು ಅವರ ಚಿಂತೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗೀ, ಅನುಭವ ಇಲ್ಲ ಅಂತ ಬರೆಯುವ ಮೊದಲು ನೀನೇ ಎರಡು ವಿಷಯ ಹೇಳಿದ್ದೀಯ, ಗಮನಿಸಿದೆಯಾ? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಸಂತ್ರಸ್ತರ ಕಾಳಜಿ ಕೇಂದ್ರಕ್ಕೆ ಹೋಗಿ ಜನರ ಅರ್ಜಿ ತುಂಬಿಕೊಟ್ಟೆ ಅಂದೆ. ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ಓಡಾಟವೆಲ್ಲ ನಿನ್ನದೇ ಅಂದೆ. ಎರಡನ್ನೂ ಅರ್ಧ ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿಬಿಟ್ಟೆ. ನೀನು ಬರೆಯಬೇಕಾದ ಪುಟ ಅಲ್ಲೇ ಇದೆ.

ನಾನು ಹೊನ್ನಾವರದವಳು. ಎಂಎಸ್‌ಡಬ್ಲ್ಯು ಮಾಡಿ ಈಗ ಉಡುಪಿ ಕಡೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡ್ತೇನೆ. ನಮ್ಮ ಜಿಲ್ಲೆಯವರ ಪಾಡು ನಿನಗೆ ಗೊತ್ತೇ ಇದೆ. ಕಾಯಿಲೆ ಸ್ವಲ್ಪ ದೊಡ್ಡದಾಯ್ತು ಅಂದ್ರೆ ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ ಹೊರಡಬೇಕು, ಕಾರವಾರದವರು ಗೋವಾಕ್ಕೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ. ಕಾರವಾರಕ್ಕೆ ಮೆಡಿಕಲ್ ಕಾಲೇಜು ಬಂದ ಮೇಲೂ ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿದ್ದು ಸುಮ್ನೆ ಅಲ್ಲ. ಹಾಗೆ ಊರು ಬಿಟ್ಟು ಬಂದವರ ಜೊತೆ ನನ್ನ ಕೆಲಸ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತರಬೇಕು. ಅದು ಗೊತ್ತಿಲ್ಲದೆ ನೇರ ಬಂದವರು ಬಾಗಿಲ ಹತ್ತಿರ ನಿಂತಿರ್ತಾರೆ. ಗಂಡನನ್ನು ಐಸಿಯುನಲ್ಲಿ ಬಿಟ್ಟು ಚೀಟಿಗೋಸ್ಕರ ವಾಪಸ್ ಊರಿಗೆ ಹೋಗೋದು ಯಾರು? ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳೋದು ಯಾರು? ಡಿಸ್ಚಾರ್ಜ್ ಆದ ಮೇಲೆ ಮಾತ್ರೆಗೆ ದುಡ್ಡು ಎಲ್ಲಿಂದ ಬರ್ತದೆ? ಡಾಕ್ಟರಿಗೆ ಇದನ್ನೆಲ್ಲ ಕೇಳುವಷ್ಟು ಪುರುಸೊತ್ತು ಇರೋದಿಲ್ಲ. ಕೇಳೋದು ನಾವು. ಅಜ್ಜಿಯ ಜೊತೆ ಇದ್ದಾಗ ಈ ಓಡಾಟದ ಇನ್ನೊಂದು ತುದಿಯಲ್ಲಿ ನೀನೇ ನಿಂತಿದ್ದೆ. ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾವ ಕೌಂಟರಿನಲ್ಲಿ ಏನು ಅರ್ಥವಾಗಲಿಲ್ಲ, ಯಾರು ತಾಳ್ಮೆಯಿಂದ ಹೇಳಿದರು, ಯಾರು ಗದರಿದರು, ಅಷ್ಟನ್ನು ನೆನಪು ಮಾಡಿಕೊಂಡು ಬರೆ ಸಾಕು.

ಕಾಳಜಿ ಕೇಂದ್ರದ ವಿಷಯ ಇನ್ನೂ ಗಟ್ಟಿಯಾದದ್ದು. ಅರ್ಜಿಯಲ್ಲಿ ‘ಮನೆ ಯಾರ ಹೆಸರಿನಲ್ಲಿದೆ’ ಅನ್ನುವಲ್ಲಿಗೆ ಬಂದಾಗ ಕೆಲವರು ಸುಮ್ಮನಾಗಿಬಿಡ್ತಿದ್ದರು ಅಂತ ಬರೆದಿದ್ದೀಯಲ್ಲ, ಆ ಒಂದು ವಾಕ್ಯದ ಹಿಂದೆ ಹೋಗು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇದೆ. ಎಷ್ಟೋ ಮನೆ ಅರಣ್ಯ ಜಾಗದಲ್ಲಿದೆ, ಕಾಗದಪತ್ರವೇ ಇಲ್ಲ. ಮನೆ ಹೋದ ದಿನ ಅವರಿಗೆ ಆ ಮನೆ ತಮ್ಮದು ಅಂತ ತೋರಿಸೋದೇ ಕಷ್ಟ. ಇದನ್ನು ನೀನು ಕಣ್ಣಾರೆ ಕಂಡಿದ್ದೀಯ. ಒಂದು ಪುಟದಲ್ಲಿ ಈ ಒಂದೇ ಪ್ರಸಂಗ ಬರೆದರೂ ಸಾಲುತ್ತದೆ. ಏನಾಯ್ತು, ನೀನು ಏನು ಮಾಡಿದೆ, ಯಾವುದು ನಿನ್ನ ಕೈಯಲ್ಲಿ ಆಗಲಿಲ್ಲ, ಆಗದೇ ಇದ್ದದ್ದನ್ನು ಕಲಿಯೋಕೆ ಈ ಕೋರ್ಸಿಗೆ ಬರ್ತಿದ್ದೇನೆ ಅಂತ ನೇರವಾಗಿ ಬರೆ. ‘ಬಾಲ್ಯದಿಂದಲೇ ಬಡವರ ಸೇವೆ ಮಾಡುವ ಹಂಬಲ’ ಅನ್ನುವ ಸಾಲು ಮಾತ್ರ ಬೇಡ. ಅದನ್ನು ಎಲ್ಲರೂ ಬರೀತಾರೆ. ಓದುವವರಿಗೆ ಅದರಿಂದ ನಿನ್ನ ಬಗ್ಗೆ ಏನೂ ತಿಳಿಯೋದಿಲ್ಲ.

ಇನ್ನೊಂದು ಮಾತು. ಆ ಜನರ ಹೆಸರು ಹಾಕಬೇಡ, ಗುರುತು ಸಿಗುವ ಹಾಗೂ ಬರೆಯಬೇಡ. ಅವರ ಸಂಕಟಕ್ಕೆ ಬಣ್ಣ ಹಚ್ಚಲೂ ಬೇಡ. ನಮ್ಮ ಕೆಲಸದಲ್ಲಿ ಮೊದಲು ಕಲಿಸೋದೇ ಇದು, ಒಬ್ಬರು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಮತ್ತೊಬ್ಬರಿಗೆ ಹೇಳಬಾರದು. ಅರ್ಜಿಯಲ್ಲೇ ಆ ಎಚ್ಚರ ಕಂಡರೆ ಒಳ್ಳೆಯದು ಅಲ್ವಾ?

ಸಂದರ್ಶನದಲ್ಲಿ ‘ನಿಮ್ಮ ಊರಿನ ಸಮಸ್ಯೆ ಏನು’ ಅಂತ ಕೇಳಿಯೇ ಕೇಳ್ತಾರೆ. ಅಂಕೋಲಾದವಳು ನೀನು, ಬಡಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರನ್ನು ನೆನೆಸಿಕೋ. 2017ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಅವರ ಹಾಡಿನ ಬಗ್ಗೆ ಜಾಸ್ತಿ ಬರೆದರು. ಆದರೆ ಅವರು ಸಾರಾಯಿ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿದ್ದು ಇದೆಯಲ್ಲ, ಜನರನ್ನು ಕೂಡಿಸೋದು ಅಂದ್ರೆ ಏನು ಅಂತ ತಿಳಿಯೋಕೆ ಅದಕ್ಕಿಂತ ಹತ್ತಿರದ ಪಾಠ ನಿನಗೆ ಸಿಗೋದಿಲ್ಲ. ಆ ಕೇರಿಗೆ ಹೋಗಿ, ಆಗ ಜೊತೆಗಿದ್ದ ಹೆಂಗಸರನ್ನು ಮಾತಾಡಿಸಿ ಬಾ. ಯಾರು ಮೊದಲು ಬಂದರು, ಯಾರು ಹೆದರಿದರು, ಗಂಡಸರು ಏನಂದರು ಅಂತ ಕೇಳು.

– ಹೊನ್ನಾವರ ಮೂಲದ ಓದುಗಿ, ಉಡುಪಿ

ನಾನು ಬರೀತಿರೋದು ಆ ಹುಡುಗಿಯ ತಂದೆ ತಾಯಿಗೆ. ನನ್ನ ಮಗಳೂ ಎಂಎಸ್‌ಡಬ್ಲ್ಯು ಓದಿದವಳು. ಅವಳು ಹೇಳಿದಾಗ ನಮಗೂ ಹೆದರಿಕೆ ಆಗಿತ್ತು. ತೋಟದ ಆದಾಯದಲ್ಲಿ ಎರಡು ವರ್ಷ ಓದಿಸಿ ಆಮೇಲೆ ಕೆಲಸ ಸಿಗದಿದ್ರೆ ಏನು ಗತಿ ಅಂತ ಯಾವ ಅಪ್ಪನಿಗಾದರೂ ಅನ್ನಿಸ್ತದೆ, ಅದು ತಪ್ಪಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ. ಕೆಲಸ ಸಿಗುತ್ತದೆ. ಮೊದಲ ಸಂಬಳ ಕಡಿಮೆ. ಸರ್ಕಾರದ ಕಡೆಯ ಕೆಲಸ ಬಹಳಷ್ಟು ಗುತ್ತಿಗೆ ಮೇಲೆ ಇರ್ತದೆ: ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, ಹದಿಹರೆಯದವರ ಸ್ನೇಹ ಕ್ಲಿನಿಕ್, ಎಚ್‌ಐವಿ ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕರು, ಹೀಗೆ. ಕಾರ್ಖಾನೆ ಕಡೆ ಹೋಗುವವರಿಗೆ ಬೇರೆ ದಾರಿ. 1948ರ ಕಾರ್ಖಾನೆ ಕಾಯ್ದೆಯೇ 500 ಕಾರ್ಮಿಕರು ಇರುವಲ್ಲಿ ಕಲ್ಯಾಣ ಅಧಿಕಾರಿ ಇರಬೇಕು ಅಂತ ಹೇಳಿತ್ತು, ಅದಕ್ಕೇ ಹಳಬರಲ್ಲಿ ಎಂಎಸ್‌ಡಬ್ಲ್ಯು ಅಂದ್ರೆ ಫ್ಯಾಕ್ಟರಿ ಕೆಲಸ ಅನ್ನುವವರೂ ಇದ್ದಾರೆ. ನನ್ನ ಮಗಳ ಕ್ಲಾಸಿನಲ್ಲಿ ಹೆಚ್ಚಿನವರು ಎಚ್‌ಆರ್ ತೆಗೆದುಕೊಂಡರು, ಸಂಬಳ ನೋಡಿ. ಅವಳು ಮಕ್ಕಳ ಕಡೆ ಹೋದಳು. ಈಗಲೂ ಅವಳ ಸಂಬಳ ಅವರಿಗಿಂತ ಕಡಿಮೆಯೇ. ಆದರೆ ಅವಳು ಕೆಲಸ ಬಿಡ್ತೇನೆ ಅಂದದ್ದನ್ನು ನಾವು ಕೇಳಿಲ್ಲ. ಬಿ.ಎಡ್. ಎಲ್ಲೂ ಓಡಿಹೋಗೋದಿಲ್ಲ, ಬೇಕು ಅಂದ್ರೆ ಎಂಎಸ್‌ಡಬ್ಲ್ಯು ಮುಗಿಸಿದ ಮೇಲೂ ಮಾಡಬಹುದು. ಮಗಳಿಗೆ ಮನಸ್ಸಿಲ್ಲದ ಪಾಠ ಮಾಡಿಸಿದರೆ ಅವಳ ಮುಂದೆ ಕೂರುವ ಮಕ್ಕಳಿಗೂ ಕಷ್ಟ, ದಯವಿಟ್ಟು ಯೋಚನೆ ಮಾಡಿ.

– ಒಬ್ಬ ತಂದೆ, ಶಿರಸಿ

ನಾನು ಯಲ್ಲಾಪುರದ ಸಿದ್ದಿ ಸಮುದಾಯದವನು, ಈಗ ಎಂಎಸ್‌ಡಬ್ಲ್ಯು ಎರಡನೇ ವರ್ಷ. ನೀವು ಕೇಳಿದ್ದು ಯಾವ ಊರಿನಲ್ಲಿ ಓದಬೇಕು ಅಂತ ಅಲ್ಲದಿದ್ರೂ ಆ ಪ್ರಶ್ನೆ ಬಂದೇ ಬರ್ತದೆ. ಅದಕ್ಕೆ ನನಗೆ ಗೊತ್ತಿರೋದು ಹೇಳ್ತೇನೆ.

ಪದವಿ ಯಾವುದಾದರೂ ನಡೀತದೆ, ಸಮಾಜಶಾಸ್ತ್ರವೇ ಓದಿರಬೇಕು ಅಂತಿಲ್ಲ. ಅಂಕ ಸಾಮಾನ್ಯವಾಗಿ ಶೇ 50 ಕೇಳ್ತಾರೆ, ಪರಿಶಿಷ್ಟರಿಗೆ ವಿನಾಯಿತಿ ಇರ್ತದೆ. ನಿಮ್ಮ 55ಕ್ಕೆ ಹೆದರಬೇಡಿ. ನಮ್ಮ ಜಿಲ್ಲೆಯ ಪದವಿ ಕಾಲೇಜಿನವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರದ್ದು, ಪರಿಚಯದ್ದು. ಮಂಗಳೂರಿನ ಕಡೆ ಹೋಗೋದಾದ್ರೆ ರೋಶನಿ ನಿಲಯ ಇದೆ, 1960ರಿಂದ ನಡೆಯುತ್ತಿರುವ ಸಮಾಜಕಾರ್ಯದ ಕಾಲೇಜು. ಮುಂಬೈನ ಟಾಟಾ ಸಂಸ್ಥೆ, ಅಂದ್ರೆ ಟಿಸ್, 1936ರಲ್ಲಿ ಶುರುವಾದದ್ದು. ಅದಕ್ಕೆ ಈಗ ಸಿಯುಇಟಿ ಪಿಜಿ, ಅಂದ್ರೆ ಸ್ನಾತಕೋತ್ತರ ಕೋರ್ಸುಗಳ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಇಲ್ಲಿ ನಮ್ಮವರು ಎಡವುತ್ತಾರೆ. ಪದವಿ ಮುಗಿದ ಮೇಲೆ ಜೂನ್‌ನಲ್ಲಿ ನೋಡೋಣ ಅಂತ ಕೂತರೆ ಆಯ್ತು, ವರ್ಷವೇ ಹೋಯ್ತು. ಆ ಪರೀಕ್ಷೆ ಮಾರ್ಚ್ ಹೊತ್ತಿಗೆ ನಡೀತದೆ, ಅರ್ಜಿ ಅದಕ್ಕೂ ಮೊದಲೇ ಹಾಕಬೇಕು. ಕೊನೆಯ ಸೆಮಿಸ್ಟರ್‌ನಲ್ಲಿ ಇರುವಾಗಲೇ ಹಾಕಬಹುದು. ಪ್ರಶ್ನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಕನ್ನಡದಲ್ಲಿ ಇರೋದಿಲ್ಲ. ತಪ್ಪು ಉತ್ತರಕ್ಕೆ ಒಂದು ಅಂಕ ಕಳೀತಾರೆ, ಹಾಗಾಗಿ ಗೊತ್ತಿಲ್ಲದ್ದಕ್ಕೆ ಸುಮ್ನೆ ಗುರುತು ಹಾಕಬೇಡಿ. ಟಿಸ್‌ಗೆ ಸಿಯುಇಟಿ ಅರ್ಜಿ ಒಂದೇ ಸಾಲದು, ಸಂಸ್ಥೆಯ ವೆಬ್‌ಸೈಟಿನಲ್ಲೂ ಬೇರೆಯಾಗಿ ಹಾಕಬೇಕು, ಆಮೇಲೆ ಸಂದರ್ಶನ.

ಕನ್ನಡ ಮಾಧ್ಯಮದ ಭಯ ನನಗೂ ಇತ್ತು. ಆದರೆ ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್ ಅಂತ ಹಳ್ಳಿಗೋ ಆಸ್ಪತ್ರೆಗೋ ಶಾಲೆಗೋ ಕಳಿಸ್ತಾರಲ್ಲ, ಅಲ್ಲಿ ನಡೆಯೋದು ಕನ್ನಡವೇ. ಇಂಗ್ಲಿಷ್ ಚೆನ್ನಾಗಿ ಬರ್ತಿದ್ದ ಗೆಳೆಯರು ಅಲ್ಲಿ ಮಾತು ಶುರು ಮಾಡೋಕೆ ಒದ್ದಾಡೋದನ್ನು ನೋಡಿದ್ದೇನೆ. ನಿಮಗೆ ಹಾಗಾಗೋದಿಲ್ಲ. ಫೀಲ್ಡ್‌ವರ್ಕ್ ವರದಿ ಮಾತ್ರ ಆವತ್ತಿಂದು ಆವತ್ತೇ ಬರೀರಿ.

ಮೊದಲನೇ ಸಲ ಫೀಲ್ಡಿಗೆ ಹೋದಾಗ ನನಗೆ ಸಿಕ್ಕಿದ್ದು ಅರಣ್ಯ ಹಕ್ಕಿನ ಅರ್ಜಿಗಳು. ನಮ್ಮ ಸಮುದಾಯಕ್ಕೆ ಈ ಜಿಲ್ಲೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿಂದ ಅಲ್ಲಿ ಇದ್ದೇವೆ ಅಂತ ತೋರಿಸಿದರೆ ಸಾಕು. ಪಕ್ಕದ ಮನೆಯವರು ಬೇರೆ ಜಾತಿಯವರಾದ್ರೆ ಮೂರು ತಲೆಮಾರು, ಅಂದ್ರೆ 75 ವರ್ಷದ ದಾಖಲೆ ಬೇಕು. ಒಂದೇ ಬೇಲಿಯ ಆಚೆ ಈಚೆ ಬದುಕಿದವರಿಗೆ ಎರಡು ಲೆಕ್ಕ. ಅವರ ಮುಖ ನೋಡಿ ಇದನ್ನು ವಿವರಿಸೋದು ಸುಲಭ ಅಲ್ಲ, ನನಗೆ ನಿದ್ದೆ ಬರಲಿಲ್ಲ. ನೀವು ಕಾಳಜಿ ಕೇಂದ್ರದಲ್ಲಿ ಕಂಡದ್ದೂ ಇಂಥದ್ದೇ ಅನ್ನಿಸ್ತದೆ. ಅದಕ್ಕೇ ಹೇಳ್ತೇನೆ, ಅದನ್ನೇ ಬರೀರಿ.

– ಯಲ್ಲಾಪುರದ ವಿದ್ಯಾರ್ಥಿ

ಉಳಿದವರು ಏನಾದರೂ ಹೇಳಲಿ, ನನ್ನ ಅಭಿಪ್ರಾಯ ಬೇರೆ. ಒಂದು ವರ್ಷ ಬಿಟ್ಟು ಅರ್ಜಿ ಹಾಕಿ. ಆ ವರ್ಷ ಸ್ವಸಹಾಯ ಸಂಘದಲ್ಲೋ ವಿಶೇಷ ಮಕ್ಕಳ ಶಾಲೆಯಲ್ಲೋ ದುಡಿಯಿರಿ. ಬಂದರಿನಲ್ಲಿ ಮೀನು ಮಾರುವ ಹೆಂಗಸರ ಜೊತೆ ಬೆಳಗಿನ ಜಾವ ಹೋಗಿ ಕೂತು ನೋಡಿ. ಈ ಕೆಲಸ ಎಲ್ಲರಿಗೂ ಒಗ್ಗೋದಿಲ್ಲ. ದಿನಾ ಬೇರೆಯವರ ಕಷ್ಟ ಕೇಳಿ ಮನೆಗೆ ಬಂದು ಊಟ ಮಾಡೋಕೆ ಆಗ್ತದಾ ಅಂತ ಮೊದಲು ಗೊತ್ತಾಗಲಿ. ನಾನು ಮಹಿಳಾ ಸಾಂತ್ವನ ಕೇಂದ್ರದಲ್ಲಿ ಇದ್ದವಳು, ಓದು ಮುಗಿಸಿ ಬಂದು ಆರು ತಿಂಗಳಿಗೆ ಬಿಟ್ಟುಹೋದ ಹುಡುಗಿಯರನ್ನು ನೋಡಿದ್ದೇನೆ, ಅವರಿಗೂ ನೋವು, ಅವರನ್ನು ನಂಬಿಕೊಂಡಿದ್ದ ಹೆಂಗಸರಿಗೂ ನೋವು.

– ಕುಮಟಾದ ಓದುಗಿ

ಕುಮಟಾದ ಪತ್ರವನ್ನು ಸಂಪಾದಕರು ನನಗೆ ಮೊದಲೇ ತೋರಿಸಿದ್ದರಿಂದ ಇದನ್ನು ಸೇರಿಸ್ತೇನೆ. ಅವರ ಮಾತಿನಲ್ಲಿ ಸತ್ಯ ಇದೆ. ಆದರೆ ಹಳ್ಳಿ ಮನೆಯಲ್ಲಿ ಹೆಣ್ಣುಮಗಳು ಒಂದು ವರ್ಷ ಓದು ನಿಲ್ಲಿಸಿದಳು ಅಂದ್ರೆ ಆ ವರ್ಷದಲ್ಲಿ ಏನು ನಡೀತದೆ ಅಂತ ನಮಗೆಲ್ಲ ಗೊತ್ತು. ಗಂಡು ನೋಡೋಕೆ ಶುರು ಮಾಡ್ತಾರೆ. ನನ್ನ ಕೈಯಲ್ಲಿ ಕಲಿತ ಎಷ್ಟೋ ಜಾಣೆಯರ ಓದು ಹಾಗೆ ನಿಂತಿದೆ. ಹಾಗಾಗಿ ಈ ವರ್ಷವೇ ಅರ್ಜಿ ಹಾಕಮ್ಮ. ಕುಮಟಾದವರು ಹೇಳಿದ ಕೆಲಸವನ್ನು ಪರೀಕ್ಷೆ ಮುಗಿದು ಪ್ರವೇಶ ಸಿಗುವವರೆಗಿನ ತಿಂಗಳುಗಳಲ್ಲಿ ಮಾಡು.

ನಾನು ಕಾಲೇಜಿನಲ್ಲಿ ಎನ್ಎಸ್ಎಸ್ ನೋಡಿಕೊಳ್ಳುತ್ತಿದ್ದವನು, ಈಗ ನಿವೃತ್ತ. ನೀನು ಎನ್ಎಸ್ಎಸ್‌ನಲ್ಲಿ ಇದ್ದೆಯಾ ಅಂತ ಬರೆದಿಲ್ಲ. ಇದ್ದರೆ ಎರಡು ವರ್ಷದ 240 ಗಂಟೆ ಮತ್ತು ಏಳು ದಿನದ ಶಿಬಿರದ ಪ್ರಮಾಣಪತ್ರ ಕಾಲೇಜಿನಿಂದ ಈಗಲೇ ತೆಗೆದಿಟ್ಟುಕೋ, ರಜೆ ಬಿದ್ದ ಮೇಲೆ ಸಹಿ ಮಾಡುವವರು ಸಿಗೋದಿಲ್ಲ. ಶಿಫಾರಸು ಪತ್ರ ಕೇಳಿದರೆ ಪ್ರಿನ್ಸಿಪಾಲರ ಹತ್ತಿರವೇ ಹೋಗಬೇಕು ಅಂತಿಲ್ಲ. ನಿನ್ನನ್ನು ಹೆಸರು ಹಿಡಿದು ಕರೆಯುವ ಮೇಷ್ಟ್ರು ಯಾರಿದ್ದಾರೋ ಅವರ ಹತ್ತಿರ ಹೋಗು, ಕಾಳಜಿ ಕೇಂದ್ರದಲ್ಲಿ ಏನು ಮಾಡಿದೆ ಅಂತ ಅವರಿಗೂ ಹೇಳು, ಅವರ ಪತ್ರದಲ್ಲಿ ಅದು ಬರಬೇಕು.

ಖರ್ಚಿನ ವಿಷಯ ಮನೆಯಲ್ಲಿ ಬಂದೇ ಬರ್ತದೆ. ಹಿಂದುಳಿದ ವರ್ಗದವಳಾಗಿದ್ದರೆ ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕು. ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆ ಹತ್ತು ತಿಂಗಳು ಹಣ ಕೊಡ್ತಾರೆ. ವಿದ್ಯಾಸಿರಿಗೆ ಅರ್ಜಿ ಎಸ್‌ಎಸ್‌ಪಿ, ಅಂದ್ರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿಕೋ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಕೇಳು. ನಾಡಕಚೇರಿಗೆ ಈ ವಾರವೇ ಹೋಗಿಬಾ, ಜೂನ್‌ನಲ್ಲಿ ಅಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ.

– ನಿವೃತ್ತ ಉಪನ್ಯಾಸಕ, ಕಾರವಾರ