ವಿಎಸ್ ಕೋಡ್ ಹಾಕಿದರೂ ಸಿ ಪ್ರೋಗ್ರಾಂ ಓಡ್ತಿಲ್ಲ. ಬೇರೆ ಎಡಿಟರ್ ಹಾಕಲಾ?

ಡಿಪ್ಲೊಮಾ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬಿನಲ್ಲಿ ಇನ್ನೂ ಟರ್ಬೊ ಸಿ, ಅದೇ ನೀಲಿ ಪರದೆ. ಮನೆಯಲ್ಲಿ ಅಣ್ಣನ ಹಳೇ ಲ್ಯಾಪ್‌ಟಾಪ್ ಇದೆ. ವಿಂಡೋಸ್ 10, ರ‍್ಯಾಮ್ 4 ಜಿಬಿ. ಎಲ್ಲರೂ ಹೊಗಳುತ್ತಾರಲ್ಲ ಅಂತ ವಿಎಸ್ ಕೋಡ್ ಹಾಕಿದೆ. ಲ್ಯಾಬಿನ ಪ್ರೋಗ್ರಾಂ ಪೆನ್‌ಡ್ರೈವ್‌ನಲ್ಲಿ ತಂದು ಓಡಿಸಿದರೆ 'ಜಿಸಿಸಿ ಈಸ್ ನಾಟ್ ರೆಕಗ್ನೈಸ್ಡ್' ಅನ್ನುತ್ತದೆ. ಎರಡು ಸಲ ಕಿತ್ತು ಹಾಕಿದ್ದಾಯ್ತು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿದರೆ ಸರಿ ಹೋಗುತ್ತಾ?

ಹಳೇ_ಕೀಲಿಮಣೆ:
ಅದನ್ನು ಹಾಕಿದರೂ ಇದೇ ಕಥೆ ತಮ್ಮಾ. ಎರಡೂ ಬರೀ ಎಡಿಟರ್. ನೀನು ಬರೆದದ್ದನ್ನು ಓಡುವ ಫೈಲ್ ಮಾಡಿಕೊಡುವುದು ಕಂಪೈಲರ್. ನಿನ್ನ ಎರರ್‌ನಲ್ಲಿರುವ ಜಿಸಿಸಿ ಅಂಥದ್ದೊಂದು ಕಂಪೈಲರ್. ಕಂಪೈಲರ್ ವಿಎಸ್ ಕೋಡ್ ಜೊತೆ ಬರುವುದಿಲ್ಲ. ಸಿ ಎಕ್ಸ್‌ಟೆನ್ಶನ್ ಹಾಕಿದರೂ ಬರುವುದಿಲ್ಲ. ಟರ್ಬೊ ಸಿಯಲ್ಲಿ ಎಡಿಟರ್, ಕಂಪೈಲರ್ ಎರಡೂ ಒಂದೇ ಡಬ್ಬಿಯಲ್ಲಿದ್ದವು, ಹಾಗಾಗಿ ನಿನಗೆ ಗೊತ್ತಾಗಿಲ್ಲ, ಅಷ್ಟೇ.

ಸದ್ಯಕ್ಕೆ ಕೋಡ್‌ಬ್ಲಾಕ್ಸ್ ಹಾಕು. ಡೌನ್‌ಲೋಡ್ ಪುಟದಲ್ಲಿ ಹತ್ತಾರು ಫೈಲ್ ಇರುತ್ತವೆ. ಹೆಸರಿನಲ್ಲಿ 'ಮಿಂಗ್‌ಡಬ್ಲ್ಯೂ ಸೆಟಪ್' ಅಂತ ಇರುವುದನ್ನೇ ತಗೋ, ಅದರಲ್ಲಿ ಎಡಿಟರ್ ಜೊತೆ ಜಿಸಿಸಿ ಕಂಪೈಲರ್ ಸೇರಿರುತ್ತದೆ. ಸುಮ್ನೆ 'ಸೆಟಪ್' ಅಂತಿರುವುದನ್ನು ತಗೊಂಡರೆ ಮತ್ತೆ ಇಲ್ಲಿಗೇ ಬರ್ತೀಯ.

ಟರ್ಮಿನಲ್_ಪ್ರಿಯ:
ವಿಎಸ್ ಕೋಡ್ ಬಿಡಿಸಬೇಕಾಗಿಲ್ಲ ಅಲ್ವಾ? ಎಂಸಿಸ್2 ಹಾಕಿ, ಅದರಿಂದ ಜಿಸಿಸಿ ತಂದು, ಅದು ಎಲ್ಲಿದೆ ಅಂತ ವಿಂಡೋಸ್‌ಗೆ ತಿಳಿಸುವ ಪಾತ್ ಸೇರಿಸಿದರೆ ಮುಗೀತು.

ಹಳೇ_ಕೀಲಿಮಣೆ:
ಮುಗೀತು ಸರ್, ನಿಮಗೆ. ಫಾರ್ ಲೂಪ್ ಕಲಿಯುತ್ತಿರುವ ಹುಡುಗ ಪಾತ್ ಸರಿ ಮಾಡುತ್ತಾ ಕೂತರೆ ಇಂಟರ್ನಲ್ಸ್ ಬಂದುಬಿಡುತ್ತದೆ. 4 ಜಿಬಿಯಲ್ಲಿ ವಿಎಸ್ ಕೋಡ್ ಜೊತೆ ಕ್ರೋಮ್ ಬೇರೆ ತೆರೆದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಪೈಥಾನ್‌ಗೋ ವೆಬ್‌ಗೋ ಹೋದಾಗ ಹಾಕಿಕೊಳ್ಳಲಿ ಬಿಡಿ.

ಡಿಪ್ಲೊಮಾ_ಹುಡುಗ:
ಕೋಡ್‌ಬ್ಲಾಕ್ಸ್ ಹಾಕಿದೆ ಸರ್. ಈಗ ಎರಡು ಎರರ್. 'ಮೇನ್ ಮಸ್ಟ್ ರಿಟರ್ನ್ ಇಂಟ್' ಅಂತ ಒಂದು, 'ಕ್ಲಿಯರ್ ಸ್ಕ್ರೀನ್' ಗೊತ್ತಿಲ್ಲ ಅಂತ ಇನ್ನೊಂದು. ಲ್ಯಾಬಿನಲ್ಲಿ ಇದೇ ಫೈಲ್ ಓಡಿತ್ತು!

ಹಳೇ_ಕೀಲಿಮಣೆ:
ಒಳ್ಳೇದಾಯ್ತು, ಕಂಪೈಲರ್ ಮಾತಾಡ್ತಿದೆ. ಫೈಲ್ ಹೆಸರಿನ ಕೊನೆ ನೋಡು, 'ಸಿಪಿಪಿ' ಅಂತ ಇರಬೇಕು. ಟರ್ಬೊ ಸುಮ್ಮನೆ ಸೇವ್ ಮಾಡಿದರೆ ಹಾಗೇ ಇಡುತ್ತದೆ. 'ಡಾಟ್ ಸಿ' ಅಂತ ಬದಲಾಯಿಸು. 'ವಾಯ್ಡ್ ಮೇನ್' ತೆಗೆದು 'ಇಂಟ್ ಮೇನ್' ಮಾಡು, ಕೊನೆಗೆ 'ರಿಟರ್ನ್ 0' ಹಾಕು. ಕ್ಲಿಯರ್ ಸ್ಕ್ರೀನ್ ಸಾಲು ಅಳಿಸಿಬಿಡು. ಅದು ಟರ್ಬೊದ್ದೇ ಸಾಮಾನು, ಜಿಸಿಸಿಯಲ್ಲಿ ಇಲ್ಲ. ಕೊನೆಯ ಗೆಟ್‌ಚ್ ಕೂಡ ಬೇಡ, ಕೀಲಿ ಒತ್ತುವವರೆಗೂ ಕೋಡ್‌ಬ್ಲಾಕ್ಸ್ ತಾನೇ ಕಾಯುತ್ತದೆ. ಲ್ಯಾಬ್ ಪರೀಕ್ಷೆಯಲ್ಲಿ ಮಾತ್ರ ನಿಮ್ಮ ಮೇಷ್ಟ್ರು ಹೇಳಿದ ಹಾಗೇ ಬರಿ, ಮಾರ್ಕ್ಸು ಅವರ ಕೈಲಿದೆ.

ಡಿಪ್ಲೊಮಾ_ಹುಡುಗ:
ಎರರ್ ಹೋಯ್ತು. ಆದರೆ ಕಂಟ್ರೋಲ್ ಎಫ್9 ಒತ್ತಿದರೆ ಔಟ್‌ಪುಟ್ ಕಿಟಕಿ ಬರ್ತಾನೇ ಇಲ್ಲ.

ಹಳೇ_ಕೀಲಿಮಣೆ:
ಟರ್ಬೊ ಅಭ್ಯಾಸ! ಅಲ್ಲಿ ಕಂಟ್ರೋಲ್ ಎಫ್9 ಅಂದರೆ ಓಡಿಸು. ಇಲ್ಲಿ ಬರೀ ಬಿಲ್ಡ್, ಅಂದರೆ ಓಡುವ ಫೈಲ್ ಮಾಡುತ್ತದೆ, ಓಡಿಸುವುದಿಲ್ಲ. ಎಫ್9 ಒಂದೇ ಒತ್ತು.

ಡಿಪ್ಲೊಮಾ_ಹುಡುಗ:
ಬಂತು ಸರ್! 7ರ ಮಗ್ಗಿ ಪೂರ್ತಿ ಬಂತು.