ಡ್ರಿಲ್ಲಿಂಗ್ ಮಷೀನ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಏನು ಮಾಡಲಿ?

ಕೇಳಿದ್ದು: ಪೀಣ್ಯದ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್‌ಗೆ ಸೇರಿ ಮೂರು ತಿಂಗಳಾಯಿತು. ಅಲ್ಲಿರುವ ಡ್ರಿಲ್ಲಿಂಗ್ ಮಷೀನಿನ ಹ್ಯಾಂಡಲ್ ಹಿಡಿದರೆ ಕೈ ಜುಮ್ ಅನ್ನುತ್ತದೆ. ಮಳೆ ಬಂದ ದಿನ ಜಾಸ್ತಿ. ಓನರ್‌ಗೆ ಹೇಳಿದರೆ, "ಹತ್ತು ವರ್ಷದಿಂದ ಹೀಗೇ ಇದೆ. ಚಪ್ಪಲಿ ಹಾಕ್ಕೊಂಡು ಮುಟ್ಟು. ಬೋರ್ಡಿನಲ್ಲಿ ತಾನೇ ಆಫ್ ಆಗುವ ಸ್ವಿಚ್ಚು, ಎಂಸಿಬಿ ಇದೆಯಲ್ಲ" ಅಂದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಸುಮ್ನೆ ಹೆದರುತ್ತಿದ್ದೇನಾ? ಸ್ವಲ್ಪ ಬಿಡಿಸಿ ಹೇಳಿ ಅಣ್ಣಂದಿರೇ.

ವೈರ್‌ಮನ್, ಹುಬ್ಬಳ್ಳಿ: ಹೆದರಬೇಕು ತಮ್ಮಾ. 22 ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೋಟಾರಿನೊಳಗಿನ ಕರೆಂಟು ಕಬ್ಬಿಣದ ಬಾಡಿಗೆ ಸೋರುತ್ತಿದೆ. ನೆಲಕ್ಕೆ ಇಳಿಯಲು ಅದಕ್ಕೆ ಬೇರೆ ದಾರಿ ಇಲ್ಲ, ನಿನ್ನ ಮೈಯನ್ನೇ ದಾರಿ ಮಾಡಿಕೊಂಡಿದೆ. ಮೋಟಾರಿನೊಳಗೆ ಸುತ್ತಿದ ತಂತಿ, ಅಂದರೆ ವೈಂಡಿಂಗ್, ಹಳತಾಗಿರಬಹುದು, ಇಲ್ಲವೇ ವೈರ್ ಸೇರುವ ಡಬ್ಬಿಯಲ್ಲಿ ಎಣ್ಣೆ, ಕಬ್ಬಿಣದ ಪುಡಿ ಕೂತಿರಬಹುದು. ಚಪ್ಪಲಿ ಹಾಕಿದರೆ ಸೋರುವುದು ನಿಲ್ಲುವುದಿಲ್ಲ, ಸೋರುತ್ತಿದೆ ಅಂತ ನಿನಗೆ ಗೊತ್ತಾಗುವುದು ನಿಲ್ಲುತ್ತದೆ. ಒಂದು ಕೈ ಹ್ಯಾಂಡಲ್ ಮೇಲಿದ್ದು ಇನ್ನೊಂದು ಕೈ ಶೆಡ್ಡಿನ ಕಬ್ಬಿಣದ ಕಂಬಕ್ಕೆ ತಾಗಿದರೆ ಚಪ್ಪಲಿ ಏನು ಮಾಡೀತು?

ಎಂಸಿಬಿ ವಿಷಯ ಕೇಳು. ತನ್ನ ಮೇಲೆ ಬರೆದ ಆಂಪ್‌ಗಿಂತ ಜಾಸ್ತಿ ಹರಿದರಷ್ಟೇ ಅದು ಬೀಳುವುದು, ಅಂದರೆ ಆಫ್ ಆಗುವುದು. ಅದು ಇರುವುದು ವೈರ್ ಉಳಿಸಲು, ನಿನ್ನನ್ನು ಉಳಿಸಲು ಅಲ್ಲ. ಒದ್ದೆ ಕೈಯಿದ್ದಾಗ ಮೈಯ ರೆಸಿಸ್ಟನ್ಸ್ ಸುಮಾರು 1000 ಓಮ್ ಅಂತ ಇಟ್ಟುಕೋ. 230 ವೋಲ್ಟನ್ನು ಅದರಿಂದ ಭಾಗಿಸಿದರೆ 0.23 ಆಂಪ್, ಅಂದರೆ 230 ಮಿಲಿಆಂಪ್. ಒಂದು 60 ವ್ಯಾಟ್ ಬಲ್ಬ್ ಎಳೆಯುವುದಕ್ಕಿಂತಲೂ ಸ್ವಲ್ಪ ಕಡಿಮೆ. 16 ಆಂಪ್ ಎಂಸಿಬಿಯ ಲೆಕ್ಕದಲ್ಲಿ ನೀನೊಂದು ಬಲ್ಬು, ಉರಿಯುತ್ತಾ ಇರು ಅಂತ ಬಿಟ್ಟುಬಿಡುತ್ತದೆ. ಆದರೆ ಮನುಷ್ಯನಿಗೆ 1 ಮಿಲಿಆಂಪ್‌ಗೇ ಜುಮ್ ಅನ್ನುತ್ತದೆ. 10 ದಾಟಿದರೆ ಮುಷ್ಟಿ ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 50, 100ಕ್ಕೆ ಹೋದರೆ ಹೃದಯದ ಬಡಿತವೇ ತಪ್ಪಬಹುದು.

ನಿನ್ನನ್ನು ಉಳಿಸುವುದು ಆರ್‌ಸಿಸಿಬಿ ಅನ್ನುವ ಇನ್ನೊಂದು ಸ್ವಿಚ್ಚು. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್ ಮಾಡುತ್ತದೆ. 30 ಅಂತ ಬರೆದದ್ದನ್ನೇ ಕೇಳಿ ಹಾಕಿಸಿ. 100, 300ರದ್ದು ಬೆಂಕಿ ತಪ್ಪಿಸಲು, ಜೀವ ಉಳಿಸಲು ಅಲ್ಲ. ಆರ್‌ಸಿಸಿಬಿಯಲ್ಲಿ ಟಿ ಅಂತ ಒಂದು ಬಟನ್ ಇದೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ.

ಆಮೇಲೆ ಪ್ಲಗ್ ನೋಡಿಸು. ಮೂರು ಪಿನ್‌ನಲ್ಲಿ ದಪ್ಪಗೆ, ಉದ್ದಕ್ಕೆ ಇರುವುದು ಅರ್ಥ್ ಪಿನ್, ಬಾಡಿಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಎಲ್ಲ ಪಿನ್‌ಗಿಂತ ಮೊದಲು ಅದು ಸೇರಲಿ ಅಂತಲೇ ಉದ್ದ ಮಾಡಿರುವುದು. ನಮ್ಮ ಶೆಡ್‌ಗಳಲ್ಲಿ ಎರಡು ವೈರ್ ಸಾಕೆಟ್‌ಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ, ಮೂರನೇ ವೈರ್ ಕೇಳುವವರೇ ಇಲ್ಲ. ಇನ್ನೂ ಬುದ್ಧಿವಂತರು ಕರೆಂಟು ವಾಪಸ್ ಹೋಗುವ ವೈರನ್ನೇ, ಅಂದರೆ ನ್ಯೂಟ್ರಲ್ಲನ್ನೇ, ಅರ್ಥ್ ಪಿನ್ನಿಗೆ ಸೇರಿಸಿ, ಟೆಸ್ಟರ್ ಉರಿಯುವುದು ನಿಂತಿತು ಅಂತ ದುಡ್ಡು ಇಸ್ಕೊಂಡು ಹೋಗುತ್ತಾರೆ. ಮುಂದೊಂದು ದಿನ ನ್ಯೂಟ್ರಲ್ ತುಂಡಾದರೆ ಮಷೀನಿನ ಬಾಡಿಗೆ ಪೂರಾ 230 ವೋಲ್ಟ್. ಪರ್ಮಿಟ್ ಇರುವವರನ್ನೇ ಕರೆಸಿ.

ಕೇಬಲ್ ಕೆಲಸದವರು, ಮೈಸೂರು: ಅರ್ಥ್ ಪಿಟ್, ಅಂದರೆ ಅರ್ಥ್ ವೈರ್ ನೆಲಕ್ಕೆ ಸೇರುವ ಗುಂಡಿ, ಇದೆ ಅಂತ ಓನರ್ ಹೇಳಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಪಿಟ್ ಒಣಗಿ ರೆಸಿಸ್ಟನ್ಸ್ 10 ಓಮ್ ಆಗಿದ್ದರೆ, ಕರೆಂಟು ಬರುವ ಫೇಸ್ ವೈರ್ ನೇರ ಮಷೀನಿನ ಬಾಡಿಗೆ ತಾಗಿದರೂ ಹರಿಯುವುದು 23 ಆಂಪ್. 32 ಆಂಪ್ ಎಂಸಿಬಿ ಬೀಳುವುದೇ ಇಲ್ಲ. ಬೇಸಿಗೆಯಲ್ಲಿ ಪಿಟ್‌ಗೆ ನೀರು ಹಾಕಬೇಕು, ಮೇಲಿನ ನಟ್ಟು ತುಕ್ಕು ಹಿಡಿದಿದೆಯಾ ನೋಡಬೇಕು.

ಪವರ್‌ಲೂಮ್ ನಡೆಸುವವರು, ಬನಹಟ್ಟಿ: ನಾನೂ ಓನರ್ರೇ, ಆ ಕಡೆಯ ಮಾತನ್ನೂ ಹೇಳುತ್ತೇನೆ. ಆರ್‌ಸಿಸಿಬಿ ಹಾಕಿಸಿದ ವಾರವೇ ದಿನಕ್ಕೆ ನಾಲ್ಕು ಸಲ ಬೀಳತೊಡಗಿತು. ಮಗ್ಗ ನಿಂತರೆ ನಷ್ಟ ಅಲ್ವಾ? ಬೈಪಾಸ್ ಮಾಡಿಸಿಬಿಟ್ಟೆ. ಈಗ ನೆನೆದರೆ ನಾಚಿಕೆ. ಕಾರಣ ಏನಪ್ಪಾ ಅಂದರೆ ಇಡೀ ಶೆಡ್ಡಿಗೆ ಒಂದೇ ಆರ್‌ಸಿಸಿಬಿ. ಪ್ರತಿ ಮೋಟಾರಿನಿಂದ ಚೂರುಚೂರು ಸೋರಿದ್ದೆಲ್ಲ ಕೂಡಿ 30ರ ಹತ್ತಿರ ಬರುತ್ತಿತ್ತು. ಸಾಲಿಗೊಂದರಂತೆ ಬೇರೆ ಮಾಡಿಸಿದೆವು. ಮೋಟಾರ್ ಡಬ್ಬಿಗಳಲ್ಲಿ ಕೂತ ಹತ್ತಿ ಧೂಳನ್ನು ಊದಿಸಿದೆವು. ಆಮೇಲೂ ಒಂದು ಸಾಲು ಬೀಳುತ್ತಲೇ ಇತ್ತು. ಅಲ್ಲಿ ಒಂದು ಮೋಟಾರ್ ನಿಜವಾಗಿಯೂ ಸುಟ್ಟಿತ್ತು.

ಹೋಟೆಲ್ ಅಡುಗೆಯವರು, ಬೆಂಗಳೂರು: ನಮ್ಮಲ್ಲಿ ಹುಡುಗನೊಬ್ಬ ಹಿಟ್ಟಿನ ಗ್ರೈಂಡರ್‌ಗೆ ಅಂಟಿಕೊಂಡ. ನೆಲವೆಲ್ಲ ನೀರು. ಪಕ್ಕದಲ್ಲಿದ್ದವನು ಎಳೆಯಲು ಹೋದ, ಅವನಿಗೂ ಹೊಡೆಯಿತು. ಕ್ಯಾಷಿಯರ್ ಓಡಿಬಂದು ಮೇನ್ ಆಫ್ ಮಾಡಿದರು, ಇಬ್ಬರೂ ಉಳಿದರು. ಮೇನ್ ಸ್ವಿಚ್ ಎಲ್ಲಿದೆ ಅಂತ ಅಡುಗೆಮನೆಯ ಏಳು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ! ಅದರ ಮುಂದೆ ಈರುಳ್ಳಿ ಮೂಟೆ ಬೇರೆ. ಹುಡುಗ ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿದರು.

ಲೈನ್‌ಮನ್, ಹಾಸನ: ರಿಪೇರಿಗೆ ಕೈ ಹಾಕುವವರಿಗೆ ಒಂದು ಮಾತು. ನಾವು ಎಲ್‌ಸಿ, ಅಂದರೆ ಲೈನ್ ಆಫ್ ಆಗಿದೆ ಅನ್ನುವ ಲೈನ್ ಕ್ಲಿಯರ್ ಅನುಮತಿ, ತಗೊಳ್ಳದೆ ಕಂಬ ಹತ್ತುವುದಿಲ್ಲ. ಎಲ್‌ಸಿ ಸಿಕ್ಕ ಮೇಲೂ ಲೈನನ್ನು ಅರ್ಥ್ ಮಾಡಿಯೇ ಮುಟ್ಟುವುದು, ಯಾಕೆಂದರೆ ಯಾರದೋ ಜನರೇಟರ್‌ನಿಂದ ಕರೆಂಟು ಹಿಂದಕ್ಕೆ ಬರಬಹುದು. ಶೆಡ್ಡಿನಲ್ಲಿ ಅಷ್ಟೆಲ್ಲ ಬೇಡ. ಪ್ಲಗ್ ಇದ್ದರೆ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಫ್ಯೂಸ್ ಇದ್ದರೆ ತೆಗೆದು ಜೇಬಿಗೆ ಹಾಕಿ. ಎಂಸಿಬಿ ಇದ್ದರೆ ಆಫ್ ಮಾಡಿ ಬೋರ್ಡಿಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಟೆಸ್ಟರ್ ಉರಿಯಲಿಲ್ಲ ಅಂತ ನಂಬಬೇಡಿ. ಮೊದಲು ಕರೆಂಟ್ ಇರುವ ಕಡೆ ಇಟ್ಟು ಟೆಸ್ಟರ್ ಸರಿಯಿದೆಯಾ ನೋಡಿ, ಆಮೇಲೆ ಕೆಲಸದ ಜಾಗ, ಮತ್ತೆ ಕರೆಂಟ್ ಇರುವ ಕಡೆ.

ಕೇಳಿದವರು, ಹತ್ತು ದಿನದ ನಂತರ: ಬಲ್ಬಿನ ಲೆಕ್ಕ ಓದಿ ಹೇಳಿದಾಗ ಓನರ್ ಸುಮ್ಮನಾದರು. ಮಾರನೇ ದಿನ ವೈರ್‌ಮನ್ ಬಂದರು. ಡ್ರಿಲ್ಲಿಂಗ್ ಮಷೀನಿನ ಪ್ಲಗ್ ಬಿಚ್ಚಿದರೆ ಅರ್ಥ್ ಪಿನ್ ಇತ್ತು, ಅದಕ್ಕೆ ವೈರೇ ಇರಲಿಲ್ಲ. ವೈರ್ ಕೊಟ್ಟು, ಆರ್‌ಸಿಸಿಬಿ ಹಾಕಿ ಆನ್ ಮಾಡಿದ ತಕ್ಷಣ ಟಪ್ ಅಂತ ಬಿತ್ತು. ಮೋಟಾರ್ ಈಗ ರೀವೈಂಡಿಂಗ್‌ಗೆ ಹೋಗಿದೆ. ನಿನ್ನೆ ವೆಲ್ಡಿಂಗ್ ಸೆಟ್ಟಿನ ಬಾಡಿಗೂ ಟೆಸ್ಟರ್ ಇಟ್ಟು ನೋಡಿದೆ, ಮಂಕಾಗಿ ಉರಿಯಿತು. ಸೋಮವಾರ ಅವರು ಮತ್ತೆ ಬರುತ್ತಾರೆ.