ಮನೆಯಲ್ಲಿ ವಿಡಿಯೋ ನೋಡಿ ವ್ಯಾಯಾಮ: ಫಿಸಿಯೋ ಮೇಡಂ ಅವರನ್ನು ಕೇಳಿ

ಪ್ರಶ್ನೆ: ಮೇಡಂ, ಹೊಟ್ಟೆ ಕರಗಿಸೋ ವಿಡಿಯೋ ದಿನಾ ಮಾಡ್ತೀನಿ. ಬೊಜ್ಜು ಹಾಗೇ ಇದೆ.

ಫಿಸಿಯೋ: ಅದರಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತೆ, ಮೇಲಿನ ಕೊಬ್ಬು ಮಾತ್ರ ಆರಿಸಿ ಕರಗಿಸೋಕಾಗಲ್ಲ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಿರಿ, 2 ದಿನ ಇಡೀ ಮೈಗೆ ಬಲದ ವ್ಯಾಯಾಮ ಮಾಡಿ. ಊಟದ ಕಡೆಯೂ ಗಮನ ಇರಲಿ.

ಪ್ರಶ್ನೆ: ಸ್ಕ್ವಾಟ್ ಚಾಲೆಂಜ್ ವಿಡಿಯೋ ನೋಡಿ ಮೊನ್ನೆ ಮೊದಲ ಸಲ ಒಂದೇ ಉಸಿರಿಗೆ ನೂರಾರು ಹೊಡೆದೆ. ತೊಡೆ ಊದಿ ಕಲ್ಲಾಗಿದೆ. ಬೆಳಿಗ್ಗೆ ಮೂತ್ರ ಕಡು ಕಂದು ಬಣ್ಣ. ಇವತ್ತಿನ ಭಾಗ ಮಾಡಲಾ, ಬಿಡಲಾ?

ಫಿಸಿಯೋ: ಮಾಡಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ, ನಾಳೆಗೆ ಇಡಬೇಡಿ. ಹೊಸ ವ್ಯಾಯಾಮದ ಮೈಕೈ ನೋವು ಒಂದರಿಂದ ಮೂರು ದಿನ ಜೋರಾಗಿದ್ದು ತಾನಾಗಿ ಇಳಿಯುತ್ತೆ. ಅದಕ್ಕೆ ನಾನು ಹೆದರಲ್ಲ. ನಿಮ್ಮದು ಬೇರೆ. ಊತ, ಬಿಗಿತ, ಕಂದು ಮೂತ್ರ ಮೂರೂ ಸೇರಿದರೆ ರಾಬ್ಡೋಮಯೋಲಿಸಿಸ್ ಇರಬಹುದು. ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರುತ್ತೆ, ಕಿಡ್ನಿಗೆ ಹೊಡೆತ ಬೀಳುತ್ತೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೂ ತಪ್ಪಬಹುದು. ಡಾಕ್ಟರಿಗೆ ವ್ಯಾಯಾಮದ ವಿಷಯ, ಮೂತ್ರದ ಬಣ್ಣ ಎರಡನ್ನೂ ಹೇಳಿ. ರಕ್ತದಲ್ಲಿ ಸಿಕೆ (ಸ್ನಾಯು ಎಷ್ಟು ಒಡೆದಿದೆ ಅಂತ ತೋರಿಸುತ್ತೆ), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುತ್ತೆ) ಪರೀಕ್ಷೆ ಮಾಡ್ತಾರೆ, ಬೇಕಾದರೆ ಡ್ರಿಪ್ ಹಾಕ್ತಾರೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಮುಟ್ಟಬೇಡಿ. ಒಬ್ಬರೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ಸದಸ್ಯೆ: ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ? ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿತ್ತು, ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿ, ಒಂದು ನೋವಿನ ಮಾತ್ರೆ ನುಂಗಿದ್ರೆ...

ಫಿಸಿಯೋ: ಅದನ್ನ ದಯವಿಟ್ಟು ಅಳಿಸಿ. ಒಡೆದ ಸ್ನಾಯುವನ್ನ ತಿಕ್ಕೋದು, ಆ ಮಾತ್ರೆ ಕೊಡೋದು, ಎರಡೂ ಅಪಾಯ. ಬರೆದವರು ಯಾರೋ, ಕಿಡ್ನಿ ಹೋಗೋದು ಇವರದು.

ಸದಸ್ಯ: ವಿಡಿಯೋಗಳೇ ಸರಿಯಿಲ್ಲ. ಜಿಮ್‌ಗೆ ಸೇರಿ.

ಸದಸ್ಯೆ: ಮಗು ಮಲಗಿದಾಗ ಸಿಗೋ ಇಪ್ಪತ್ತು ನಿಮಿಷದಲ್ಲಿ ಯಾವ ಜಿಮ್ಮಿಗೆ ಹೋಗ್ಲಿ? ವಿಡಿಯೋದಿಂದಲೇ ನನ್ನ ಬೆನ್ನುನೋವು ಹೋಗಿದೆ.

ಸದಸ್ಯ: ಭಂಗಿ ತಪ್ಪಿದರೆ ತಿದ್ದೋರು ಯಾರು? ಪರದೆ ಹೇಳುತ್ತಾ?

ಸದಸ್ಯೆ: ನಿಮ್ಮ ಜಿಮ್ಮಲ್ಲಿ ತಿದ್ದೋರೂ ಫೋನ್ ನೋಡ್ತಾ ನಿಂತಿರ್ತಾರೆ.

ಪ್ರಶ್ನೆ: ಮ್ಯಾಟ್ ಎಷ್ಟು ದಪ್ಪ ಇರಬೇಕು ಮೇಡಂ?

ಪ್ರಶ್ನೆ: ಹೊಟ್ಟೆ ಕರಗೋಕೆ ಯಾವ ವಿಡಿಯೋ ಒಳ್ಳೇದು?

ಫಿಸಿಯೋ: ಮೇಲೆ ಬರೆದಿದ್ದೀನಿ, ಓದಿ.

ಪ್ರಶ್ನೆ: ಹೆರಿಗೆಯಾಗಿದೆ. ಜಿಗಿಯುವಾಗ ಮೂತ್ರ ಸೋರುತ್ತೆ.

ಫಿಸಿಯೋ: ಜಿಗಿತ ಸದ್ಯ ಬಿಡಿ. ಕಿಬ್ಬೊಟ್ಟೆ ತಳದ ಸ್ನಾಯುಗಳನ್ನ ಫಿಸಿಯೋ ಹತ್ತಿರ ತೋರಿಸಿ. ಗುಣವಾಗುತ್ತೆ, ಸಹಿಸಿಕೊಂಡಿರಬೇಡಿ.

ಸದಸ್ಯ: ಮೇಡಂ, ಜಿಮ್ ಒಳ್ಳೇದಾ ವಿಡಿಯೋನಾ, ನೀವೇ ತೀರ್ಪು ಹೇಳಿ.

ಫಿಸಿಯೋ: ನಿಮ್ಮ ಜಗಳ ಬೇರೆ ಕಡೆ ಇಟ್ಕೊಳ್ಳಿ. ಸ್ಕ್ವಾಟ್ ಮಾಡಿದವರು ಹೊರಟರಾ? ಉತ್ತರ ಕೊಡಿ.

ಪ್ರಶ್ನೆ ಕೇಳಿದವರು: ಅಣ್ಣ ಕರ್ಕೊಂಡು ಹೋಗ್ತಿದ್ದಾನೆ ಮೇಡಂ, ದಾರಿಯಲ್ಲಿದ್ದೀವಿ.

ಫಿಸಿಯೋ: ಸರಿ. ಸಿಕೆ ಎಷ್ಟು ಬಂತು ಅಂತ ಇಲ್ಲೇ ಬರೀರಿ.